ಎಡಗೈಯ ಪಿಸ್ತೂಲು

ಮೆಲ್ಬರ್ನಿನ ಅಂಚಿನ ಕ್ರೇಗಿಬರ್ನಿನ ನಮ್ಮ ಮನೆಯಲ್ಲಿ ಕಾರು ಒಂದು ದಿನವೂ ಗ್ಯಾರೇಜಿನೊಳಗೆ ನಿಂತಿದ್ದಿಲ್ಲ. ಆಲಿಕಲ್ಲು ಬೀಳಲಿ, ಜನವರಿಯ ಬಿಸಿಲಿಗೆ ಸ್ಟೀರಿಂಗು ಮುಟ್ಟಲಾರದಷ್ಟು ಕಾಯಲಿ, ಅದು ಡ್ರೈವ್‌ವೇಯಲ್ಲೇ ಬಿದ್ದಿರುತ್ತಿತ್ತು. ಗ್ಯಾರೇಜು ಅಪ್ಪನದು. ಅಲ್ಲಿ ಒಂದು ಉದ್ದನೆಯ ಮರದ ಬೆಂಚು, ಅದರ ತುದಿಗೆ ಬಿಗಿದ, ಸಾಮಾನು ಕಚ್ಚಿ ಹಿಡಿಯುವ ವೈಸು, ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ತೂಗುಹಾಕಿದ ಅರಗಳು, ಮೂಲೆಯಲ್ಲಿ ಕಾಂಕ್ರೀಟಿಗೆ ಬೋಲ್ಟು ಹಾಕಿ ಕೂರಿಸಿದ ಬೂದು ಬಣ್ಣದ ತಿಜೋರಿ. ತಿಜೋರಿಯೊಳಗೆ ಅಪ್ಪನ ಪಿಸ್ತೂಲು. ಅದರ ಕೀಲಿಯನ್ನು ಅಪ್ಪ ಉಡಿದಾರಕ್ಕೆ ಕಟ್ಟಿಕೊಂಡಿದ್ದ, ಸ್ನಾನಕ್ಕೆ ಹೋದರೂ ಬಿಚ್ಚುತ್ತಿರಲಿಲ್ಲ. ಪಿಸ್ತೂಲು ಎಂದಾಕ್ಷಣ ಜನ ಕಣ್ಣರಳಿಸುತ್ತಾರೆ. ನಮ್ಮಪ್ಪ ಪೊಲೀಸನೂ ಅಲ್ಲ, ಗೂಂಡಾನೂ ಅಲ್ಲ. ಹುಬ್ಬಳ್ಳಿಯ ಕಾಲೇಜಿನಲ್ಲಿ ಎನ್‌ಸಿಸಿ ರೈಫಲ್ ಹಿಡಿದು ರುಚಿ ಹತ್ತಿಸಿಕೊಂಡಿದ್ದ ಮನುಷ್ಯ. ಮೆಲ್ಬರ್ನಿಗೆ ಬಂದು, ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಎಂಜಿನಿಯರಾಗಿ, ಕಾಯಂ ವಾಸದ ಪಿಆರ್ ಸಿಕ್ಕು, ಮನೆಯ ಮಾರ್ಟ್‌ಗೇಜ್ ತಲೆಯ ಮೇಲೆ ಬಂದ ಮೇಲೆ ಊರಾಚೆಯ ಶೂಟಿಂಗ್ ಕ್ಲಬ್ಬಿಗೆ ಸೇರಿ ಲೈಸೆನ್ಸ್ ತೆಗೆದುಕೊಂಡ. ಬೇರೆ ಅಂಕಲ್‌ಗಳು ಭಾನುವಾರ ಕ್ರಿಕೆಟ್ ಆಡುತ್ತಿದ್ದರು, ನಮ್ಮಪ್ಪ ಕಾಗದದ ಗುರಿಗೆ ಗುಂಡು ಹೊಡೆದು ಬರುತ್ತಿದ್ದ.

ಕ್ಲಬ್ಬಿನಿಂದ ಬಂದ ಮಧ್ಯಾಹ್ನ ಪಿಸ್ತೂಲನ್ನು ಬಿಚ್ಚಿ ಒರೆಸುವ ಕೆಲಸ. ಆಗ ಗ್ಯಾರೇಜಿನ ಶಟರ್ ಇಳಿದಿರಬೇಕು, ಯಾರೂ ಹಿಂದಿನಿಂದ ಬಂದು ಮಾತಾಡಿಸಕೂಡದು. ಮೊದಲು ಗುಂಡು ತುಂಬುವ ಡಬ್ಬಿ, ಅಂದರೆ ಮ್ಯಾಗಝೀನ್ ಹೊರಗೆ. ಆಮೇಲೆ ಮೇಲ್ಭಾಗದ ಜಾರುವ ಕಬ್ಬಿಣ, ಸ್ಲೈಡ್, ಹಿಂದಕ್ಕೆ. ಕಣ್ಣಿನಿಂದ ನೋಡಿ, ಕಿರುಬೆರಳು ಹಾಕಿ ತಡವಿ, ಖಾಲಿ ಎಂದು ಖಾತ್ರಿಯಾದ ಮೇಲೆಯೇ ಬ್ರಶ್ಶು, ಬಟ್ಟೆ, ಎಣ್ಣೆ. ನಾನು ಸ್ಟೂಲಿನ ಮೇಲೆ ಕೈಕಟ್ಟಿ ಕೂತು ನೋಡಬಹುದಿತ್ತು, ಮುಟ್ಟುವಂತಿರಲಿಲ್ಲ. ಅಪ್ಪನಿಗೆ ತನ್ನ ಎಲ್ಲೆ ಎಲ್ಲಿಯವರೆಗೆ ಎಂದು ಚೆನ್ನಾಗಿ ಗೊತ್ತಿತ್ತು. ಮರದ ಹಿಡಿಯನ್ನು ಕೆತ್ತುವುದು, ಉಜ್ಜುವುದು, ಎಣ್ಣೆ ಕುಡಿಸುವುದು ತನ್ನ ಕೆಲಸ. ಒಳಗಿನ ಸ್ಪ್ರಿಂಗು, ಟ್ರಿಗರ್ ಎಂದರೆ ಅದಕ್ಕೆಂದೇ ಲೈಸೆನ್ಸ್ ಇರುವ ರಿಪೇರಿಯವನ ಕೆಲಸ. ಆ ಗೆರೆಯನ್ನು ಅವನು ದಾಟಿದ್ದನ್ನು ನಾನೆಂದೂ ನೋಡಿಲ್ಲ. ಒಂದೊಂದು ಭಾನುವಾರವೂ ಮಂತ್ರ ಹೇಳಿಕೊಟ್ಟಂತೆ ಹೇಳುತ್ತಿದ್ದ:

“ಖಾಲಿ ಐತಿ ಅಂತ ಗೊತ್ತಿದ್ರೂ ತುಂಬೈತಿ ಅಂತನ ತಿಳ್ಕೊಬೇಕು. ಅದರ ಬಾಯಿ ಎತ್ತಾಗ ಐತಿ ಅನ್ನೋದು ಮರತ್ಯೋ, ಮುಗೀತು.”

ಅಡುಗೆಮನೆಯಿಂದ ಅಮ್ಮನ ದನಿ ಬರುತ್ತಿತ್ತು:

“ನಿಮ್ಮ ಎಣ್ಣಿ ಗ್ಯಾರೇಜಿನಾಗ ಇರ್ಲಿ, ನನ್ನ ಎಣ್ಣಿ ಅಡಿಗಿಮನ್ಯಾಗ ಇರ್ಲಿ. ಕೈ ತೊಳಕೊಂಡು ಬರ್ರಿ, ರೊಟ್ಟಿ ಆರಾಕತ್ತಾವು.”

ಊಟದ ಮೇಜಿನ ಬಳಿ ನನ್ನ ಪಾಡು ಬೇರೆ. ನಾನು ಹುಟ್ಟಾ ಎಡಗೈಯವಳು. ನಮ್ಮ ಕಡೆ ಇಂಥ ಹುಡುಗಿಗೆ ರೊಡ್ಡಿ ಎನ್ನುತ್ತಾರೆ. ಧಾರವಾಡದಿಂದ ಬಂದು ನಮ್ಮೊಂದಿಗೇ ಇದ್ದ ಆಯಿ, ಅಪ್ಪನ ತಾಯಿ, ನನ್ನನ್ನು ಹೆಸರು ಹಿಡಿದು ಕರೆದದ್ದಕ್ಕಿಂತ ರೊಡ್ಡಿ ಎಂದು ಕರೆದದ್ದೇ ಹೆಚ್ಚು. ಎಡಗೈ ತಟ್ಟೆಯ ಕಡೆ ಹೋದರೆ ಅಮ್ಮನ ಕೈಯಲ್ಲಿದ್ದ ಚಮಚ ನನ್ನ ಮಣಿಕಟ್ಟಿನ ಮೇಲೆ ಬೀಳುತ್ತಿತ್ತು. ಉಣ್ಣುವುದು ಬಲಗೈ, ಕೊಡುವುದು ಬಲಗೈ, ಆರತಿ ಹಿಡಿಯುವುದು ಬಲಗೈ. ಯಾರಾದರೂ ಹಿರಿಯರು ಕೈ ಚಾಚಿದರೆ, ಎಡಗೈಯಲ್ಲಿ ಏನೇ ಇರಲಿ, ಅದನ್ನು ಬಲಗೈಗೆ ದಾಟಿಸಿ, ಅವರ ಕಡೆ ತಿರುಗಿ, ಸ್ವಲ್ಪ ಬಾಗಿ ಕೊಡಬೇಕು. ಇದನ್ನು ನನಗೆ ಎಷ್ಟು ಕಲಿಸಿದ್ದರೆಂದರೆ ಶಾಲೆಯಲ್ಲಿ ಟೀಚರಿಗೆ ಪುಸ್ತಕ ಕೊಡುವಾಗಲೂ ಕೈ ತಾನಾಗಿ ಬದಲಾಗುತ್ತಿತ್ತು, ಟೀಚರಿಗೆ ಅದೇನು ಕುಣಿತವೆಂದು ತಿಳಿಯುತ್ತಿರಲಿಲ್ಲ. ಬರೆಯುವುದಕ್ಕೆ ಮಾತ್ರ ಒಂದು ರಿಯಾಯಿತಿ ಇತ್ತು. ಜೋಳದ ಹಿಟ್ಟನ್ನು ತಟ್ಟೆಯಲ್ಲಿ ಹರವಿ ಆಯಿ ನನಗೆ ಅಕ್ಷರ ತೀಡಿಸುತ್ತ ಅಪ್ಪಣೆ ಮಾಡಿದ್ದಳು:

“ಇಂಗ್ಲೀಷ ಯಾವ ಕೈಲೆ ಬೇಕಾದ್ರೂ ಬರಕೋ ಹೋಗು. ಕನ್ನಡ ಮಾತ್ರ ಬಲಗೈಲೆ.”

ಹೀಗಾಗಿ ನಾನು ಇಂಗ್ಲಿಷನ್ನು ಸಲೀಸಾಗಿಯೂ ಕನ್ನಡವನ್ನು ತಿಣುಕಿಕೊಂಡೂ ಬರೆಯುತ್ತ ಬೆಳೆದೆ. ಯಾವುದೋ ಒಂದು ಕೈ ಸಾಲದು ಎಂಬ ಭಾವನೆ ಸದಾ ಇತ್ತು. ಸಿಟ್ಟೂ ಇತ್ತು, ಆದರೆ ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ತಿಳಿಯದೆ ಸುಮ್ಮನಿರುತ್ತಿದ್ದೆ.

ಹನ್ನೆರಡು ತುಂಬಿದ ಮೇಲೆ ನನಗೂ ಕ್ಲಬ್ಬಿನಲ್ಲಿ ಕಲಿಯಲು ಪರವಾನಗಿ ಸಿಕ್ಕಿತು. ದೊಡ್ಡವರು ಪಕ್ಕದಲ್ಲಿದ್ದರೆ ಮಾತ್ರ, ಗುಂಡು ಹೊಡೆಯುವ ರೇಂಜಿನಲ್ಲಿ ಮಾತ್ರ. ಅಪ್ಪನ ಖುಷಿಗೆ ಮಿತಿಯಿರಲಿಲ್ಲ. ನನ್ನ ಗುರಿ ಮಾತ್ರ ಹದಗೆಟ್ಟದ್ದು. ಬಲಗೈಯಲ್ಲಿ ಪಿಸ್ತೂಲು ಹಿಡಿದು, ಕತ್ತು ಓರೆ ಮಾಡಿ, ಬಲಗಣ್ಣು ಮುಚ್ಚಿ ಹೊಡೆಯುತ್ತಿದ್ದೆ. ಗುಂಡುಗಳು ಕಾಗದದ ನಾಲ್ಕೂ ಮೂಲೆಗೆ ಹೋಗಿ ಬೀಳುತ್ತಿದ್ದವು. ಚಳಿಗಾಲವೆಲ್ಲ ಹೀಗೇ ಕಳೆಯಿತು. ಅಪ್ಪ ‘ಬರ್ತೈತಿ, ಬರ್ತೈತಿ’ ಎನ್ನುತ್ತಿದ್ದ, ಬರಲಿಲ್ಲ. ಕ್ಲಬ್ಬಿನಲ್ಲಿ ಮಕ್ಕಳಿಗೆ ಕಲಿಸುತ್ತಿದ್ದವಳು ಜೂನ್ ಎಂಬ ಮುದುಕಿ. ಗಾಳಿಗೆ ಒಣಗಿದ ಮುಖ, ಬಾಯಲ್ಲಿ ಸದಾ ಪೆಪ್ಪರ್‌ಮಿಂಟು. ಒಂದು ದಿನ ಅವಳು ನನ್ನ ಕೈಯಿಂದ ಎಲ್ಲವನ್ನೂ ಕೆಳಗಿಡಿಸಿ, ಎರಡೂ ಅಂಗೈ ಜೋಡಿಸಿ ನಡುವೆ ಸಣ್ಣ ಕಿಂಡಿ ಮಾಡಿಸಿ, ಅದರ ಮೂಲಕ ತನ್ನ ಮೂಗನ್ನು ನೋಡಲು ಹೇಳಿದಳು. ನೋಡಿದೆ.

“ಲವ್, ನೀನು ನನ್ನನ್ನು ಎಡಗಣ್ಣಿನಿಂದ ನೋಡುತ್ತಿದ್ದೀಯ. ಸ್ಕೋರು ಬರೆಯುವುದೂ ಎಡಗೈಯಲ್ಲಿ. ಮತ್ತೆ ಬಲಗೈಯಲ್ಲಿ ಯಾಕೆ ಹೊಡೆಯುತ್ತಿದ್ದೀಯ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

‘ಮನೆಯಲ್ಲಿ ಬೈಯುತ್ತಾರೆ’ ಎಂದೆ. ಅವಳು ಅಪ್ಪನ ಕಡೆ ನೋಡಿದಳು, ಅಪ್ಪ ತನ್ನ ಬೂಟಿನ ಕಡೆ ನೋಡಿದ. ಆ ಮಧ್ಯಾಹ್ನ ಮೊದಲ ಸಲ ಎಡಗೈಯಲ್ಲಿ ಹಿಡಿದೆ. ಬಲಗೈಯವರಿಗೆಂದು ಕೆತ್ತಿದ ಹಿಡಿ ಅಂಗೈಗೆ ಚುಚ್ಚುತ್ತಿತ್ತು. ಮ್ಯಾಗಝೀನ್ ಬಿಡಿಸುವ ಗುಂಡಿ ಬಲಗೈಯವರ ಹೆಬ್ಬೆರಳಿಗೆ ಸಿಗುವ ಕಡೆ ಇತ್ತು, ನನ್ನ ಹೆಬ್ಬೆರಳು ಬರೀ ಕಬ್ಬಿಣ ಸವರಿತು. ಹಾರಿದ ಬಿಸಿ ತೋಟೆ, ಗುಂಡಿನ ಖಾಲಿ ಕವಚ, ಮೂಗಿನ ಮುಂದೆಯೇ ಹಾದುಹೋದಾಗ ಬೆಚ್ಚಿಬಿದ್ದೆ. ಆದರೂ ಗುಂಡುಗಳೆಲ್ಲ ಕಪ್ಪು ವೃತ್ತದೊಳಗೇ ಹೋಗಿ ಕೂತಿದ್ದವು. ಕಾಗದವನ್ನು ಹತ್ತಿರ ತಂದು ನೋಡಿ ಅಳು ಬಂತು. ಸಂತೋಷಕ್ಕೋ ಸಿಟ್ಟಿಗೋ ಹೇಳಲಾರೆ, ಎರಡೂ ಇದ್ದವು. ಇನ್ನು ಈ ಕೈಯನ್ನು ಬಿಡುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ.

ಮನೆಯಲ್ಲಿ ರಂಪವಾಯಿತು. ಅಮ್ಮನ ವಾದ ಸರಳವಾಗಿತ್ತು. ಇಷ್ಟು ವರ್ಷ ತಿದ್ದಿ ತಿದ್ದಿ ಒಂದು ಹದಕ್ಕೆ ತಂದ ಹುಡುಗಿ, ಈಗ ಮತ್ತೆ ಎಡಗೈ ರೂಢಿಯಾದರೆ ನಾಳೆ ಯಾರದೋ ಮನೆಯ ಮುತ್ತೈದೆಗೆ ಎಡಗೈಯಲ್ಲಿ ಕುಂಕುಮ ಕೊಡುತ್ತಾಳೆ. ಆಯಿ ಅದಕ್ಕೆ ಒಗ್ಗರಣೆ ಹಾಕಿದಳು. ಅಪ್ಪ ಇಬ್ಬರ ಮಾತನ್ನೂ ಕೇಳಿಸಿಕೊಂಡು, ಏನೂ ಆಗಿಲ್ಲವೆಂಬಂತೆ ಚಪಾತಿಯ ಕಣಕದಿಂದ ಒಂದು ಮುಷ್ಟಿ ಕಿತ್ತು ನನ್ನ ಎಡಗೈಯಲ್ಲಿಟ್ಟು, ‘ಪಿಸ್ತೂಲು ಹಿಡದಂಗ ಗಟ್ಟಿ ಹಿಡಿ’ ಎಂದ. ಹಿಡಿ ಕೆತ್ತಲು ಅವನಿಗೆ ನನ್ನ ಅಂಗೈಯ ಅಚ್ಚು ಬೇಕಿತ್ತು.

“ತಿನ್ನೋ ಹಿಟ್ಟನ್ನ ಎಡಗೈಲೆ ಹಿಚಕಸ್ತೀಯೇನೋ ಭಾಡ್ಯಾ!” ಎಂದು ಆಯಿ ಕೂಗಿದಳು.

“ಯವ್ವಾ, ಇದು ತಿನ್ನಾಕಲ್ಲ.”

“ಮತ್ತ ಅಡಿಗಿಮನ್ಯಾಗ್ಯಾಕ ಹಿಚಕಸ್ತಿ?”

ಅಮ್ಮ ಕಣಕದ ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡು ಕಡೆಗೆ ಒಂದು ಒಪ್ಪಂದಕ್ಕೆ ಬಂದಳು:

“ಆತು. ಗುಂಡು ಹೊಡಿಯೋದಷ್ಟ ಎಡಗೈ. ಕೊಡೋದು, ತಗೊಳ್ಳೋದು, ಉಣ್ಣೋದು ಎಲ್ಲಾ ಬಲಗೈ. ಎಲ್ಲಿದ್ರೂ, ಯಾರ ಮುಂದಿದ್ರೂ. ಹೂಂ ಅನ್ನು.”

ನಾನು ಹೂಂ ಅಂದೆ. ಮನಸಾರೆ ಅಂದೆ. ಗುಂಡು ಹೊಡೆಯಲು ಕೈ ಸಿಕ್ಕಿತಲ್ಲ, ಉಳಿದದ್ದು ಹೇಗಾದರೂ ಇರಲಿ ಎಂದುಕೊಂಡೆ.

ಹಿಡಿಗೆ ಬೇಕಾದ ಮರ ಬೀದಿಯಲ್ಲೇ ಸಿಕ್ಕಿತು. ಕೌನ್ಸಿಲ್ಲಿನವರು ಬೇಡದ ಸಾಮಾನು ಒಯ್ಯುವ ವಾರದಲ್ಲಿ ಯಾರೋ ಮನೆಯ ಮುಂದೆ ಹುಲ್ಲಿನ ಮೇಲೆ ಒಂದು ಊಟದ ಮೇಜನ್ನು ಎಸೆದಿದ್ದರು. ಅದರ ಕಾಲೊಂದನ್ನು ಅಪ್ಪ ಬಿಚ್ಚಿ ತಂದ. ಒಣಗಿದ ಕಣಕದ ಮುದ್ದೆಯನ್ನು ಪಕ್ಕಕ್ಕಿಟ್ಟುಕೊಂಡು ಸಂಜೆ ಸಂಜೆ ಅರ ಹಿಡಿದು ಉಜ್ಜಿದ. ಕಾನೂನಿನಂತೆ ಪಿಸ್ತೂಲು ತಿಜೋರಿಯಲ್ಲೇ ಇರಬೇಕು, ಹಿಡಿ ಬರೀ ಮರ, ಅದಕ್ಕೆ ಯಾರ ತಕರಾರೂ ಇಲ್ಲ. ಆದ್ದರಿಂದ ನಾನು ಅದನ್ನು ಮನೆಯ ತುಂಬ ಹಿಡಿದುಕೊಂಡು ತಿರುಗಬಹುದಿತ್ತು. ಹೋಮ್‌ವರ್ಕ್ ಮಾಡುವಾಗ, ಟಿವಿ ನೋಡುವಾಗ ಹಿಡಿದು ನೋಡಿ, ಎಲ್ಲಿ ಒತ್ತುತ್ತದೋ ಅಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿ ಕೊಡುತ್ತಿದ್ದೆ, ಬಲಗೈಯಲ್ಲಿ. ಅಪ್ಪ ಅಷ್ಟನ್ನು ಉಜ್ಜಿ ವಾಪಸ್ಸು ಕೊಡುತ್ತಿದ್ದ. ಹೆಬ್ಬೆರಳು ಕೂರಲು ಒಂದು ತಗ್ಗು, ಅಂಗೈಯ ಉಬ್ಬಿಗೆ ಒಂದು ಉಬ್ಬು. ಎಣ್ಣೆ ಕುಡಿದ ಮೇಲೆ ಅದು ಬೆಲ್ಲದ ಬಣ್ಣಕ್ಕೆ ಬಂತು. ಜಗತ್ತಿನಲ್ಲಿ ನನ್ನ ಎಡಗೈಗೆಂದೇ ಯಾರಾದರೂ ಮಾಡಿದ ಮೊದಲ ವಸ್ತು ಅದು. ಗುಂಡಿಯ ಜಾಗವನ್ನು ಮಾತ್ರ ಬದಲಿಸಲಿಲ್ಲ. ಅಪ್ಪ ಅದನ್ನು ರಿಪೇರಿಯವನ ಬಳಿ ಒಯ್ಯೋಣ ಎಂದಾಗ ಜೂನ್ ಬೇಡವೆಂದಳು, ತೋರುಬೆರಳಿನಿಂದ ಒತ್ತುವುದನ್ನು ಕಲಿಸಿದಳು. ನನ್ನ ತೋರುಬೆರಳಿಗೆ ಟ್ರಿಗರ್ ಬಿಟ್ಟು ಹೊರಗಿರಲು ಅದೊಂದು ಕೆಲಸವೂ ಆಯಿತು.

ಆ ಪಿಸ್ತೂಲಿಗೊಂದು ಚಾಳಿ ಇತ್ತು. ಎಷ್ಟು ಒರೆಸಿದರೂ ಆಗಾಗ ಖಾಲಿ ತೋಟೆ ಹೊರಗೆ ಹಾರದೆ ಸ್ಲೈಡಿನ ಬಾಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ನಮ್ಮ ಕ್ಲಬ್ಬಿನಲ್ಲಿ ಹಾಗಾದರೆ ಪಿಸ್ತೂಲನ್ನು ಗುರಿಯ ಕಡೆಗೇ ಮುಖ ಮಾಡಿ ಮೇಜಿನ ಮೇಲಿಟ್ಟು, ಖಾಲಿ ಕೈ ಎತ್ತಿ, ಹಿಂದೆ ಸರಿಯುವುದು ವಾಡಿಕೆ. ಯಾರೂ ಅದನ್ನು ನನ್ನ ಕೈಯಿಂದ ಇಸಿದುಕೊಂಡದ್ದಿಲ್ಲ. ಹೀಗಾಗಿ ಅಮ್ಮನ ಒಪ್ಪಂದದೊಳಗೆ ಏನು ಅಡಗಿದೆ ಎಂಬುದು ನನಗಾಗಲಿ ಅಪ್ಪನಿಗಾಗಲಿ ಹೊಳೆಯಲೇ ಇಲ್ಲ.

ಮುಂದಿನ ವಸಂತದಲ್ಲಿ ಸಿಡ್ನಿಯಲ್ಲಿ ಮಕ್ಕಳ ಸ್ಪರ್ಧೆ. ಗಡಿ ದಾಟಲು ಬೇಕಾದ ಅನುಮತಿಯನ್ನೆಲ್ಲ ಅಪ್ಪ ಸರಿಮಾಡಿಕೊಂಡ. ಎಲ್ಲರೂ ಕಾರಿನಲ್ಲಿ ಹೊರಟೆವು. ಆಯಿ ಮುಂದಿನ ಸೀಟು, ನಾನು ಮತ್ತು ಅಮ್ಮ ಹಿಂದೆ, ಕಾಲ ಬುಡದಲ್ಲಿ ರೊಟ್ಟಿಯ ಗಂಟು. ಸಿಡ್ನಿಯ ಮಾರ್ಸ್ಡನ್ ಪಾರ್ಕಿನಲ್ಲಿ ಅಪ್ಪನ ತಂಗಿಯ ಹೊಸ ಮನೆ. ಸುತ್ತ ಒಂದೇ ಥರದ ಮನೆಗಳು, ಇನ್ನೂ ನೆರಳು ಕೊಡದ ಗಿಡಗಳು. ಬೆಳಿಗ್ಗೆ ಅತ್ತೆ ಹಣೆಗೆ ವಿಭೂತಿ ಹಚ್ಚಿ, ಮೊಸರನ್ನ ತಿನ್ನಿಸಿ ಕಳಿಸಿದಳು. ಅಮ್ಮ, ಆಯಿ ಮನೆಯಲ್ಲೇ ಉಳಿದರು.

ಅಂದು ನಾನು ಹೊಡೆದ ಹಾಗೆ ಮೊದಲು ಎಂದೂ ಹೊಡೆದಿರಲಿಲ್ಲ. ಕೈ ನಡುಗಲಿಲ್ಲ, ಉಸಿರು ಹಿಡಿತದಲ್ಲಿತ್ತು. ಕೊನೆಯ ಸುತ್ತಿನಲ್ಲಿ ತೋಟೆ ಸಿಕ್ಕಿಕೊಂಡಿತು. ಅಲ್ಲಿಯ ನಿಯಮದಂತೆ ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು, ಖಾಲಿ ಇದ್ದ ಬಲಗೈ ಎತ್ತಿದೆ. ರೇಂಜಿನ ಅಧಿಕಾರಿ ಬಂದ. ಬಿಳಿ ಗಡ್ಡದ ಮುದುಕ, ನಮ್ಮ ಅಜ್ಜನ ವಯಸ್ಸಿನವ. ನನ್ನ ಬಲ ಭುಜದ ಹತ್ತಿರ ನಿಂತು, ಮೆಲ್ಲಗೆ ‘ಕೊಡು ನೋಡೋಣ’ ಎಂದು ಕೈ ಚಾಚಿದ. ಹಿರಿಯರು ಕೈ ಚಾಚಿದ್ದಾರೆ. ನನ್ನ ಕೈಗಳು ನನ್ನನ್ನು ಕೇಳಲಿಲ್ಲ. ಎಡಗೈಯಲ್ಲಿದ್ದದ್ದು ಬಲಗೈಗೆ ದಾಟಿತು, ಮೈ ಅವನ ಕಡೆ ತಿರುಗಿತು, ಬೆನ್ನು ಸ್ವಲ್ಪ ಬಾಗಿತು. ಪಿಸ್ತೂಲಿನ ಬಾಯಿ ಪಕ್ಕದ ಹುಡುಗನ ಬೆನ್ನನ್ನು ಹಾದು ಆ ಮುದುಕನ ಹೊಟ್ಟೆಯ ಎದುರಿಗೆ ಬಂದು ನಿಂತಿತು.

ಅವನು ಕೂಗಲಿಲ್ಲ. ನನ್ನ ಮಣಿಕಟ್ಟನ್ನು ಹಿಡಿದು ಗುರಿಯ ಕಡೆ ತಿರುಗಿಸಿದ. ಪಿಸ್ತೂಲು ತೆಗೆದುಕೊಂಡು ನೋಡಿದ. ಸಿಕ್ಕಿಕೊಂಡ ತೋಟೆಯ ಕೆಳಗೆ ಮ್ಯಾಗಝೀನಿನಲ್ಲಿ ಇನ್ನೂ ಗುಂಡುಗಳಿದ್ದವು. ಅವನ ಮುಖದ ಬಣ್ಣ ಇಳಿದದ್ದನ್ನು ನೋಡಿದೆ. ನನ್ನನ್ನು ಸ್ಪರ್ಧೆಯಿಂದ ಹೊರಗೆ ಹಾಕಿದರು, ಅಂಕಗಳನ್ನೆಲ್ಲ ಹೊಡೆದುಹಾಕಿದರು. ಸುರಕ್ಷತೆಯ ಪಾಠವನ್ನು ಮೊದಲಿನಿಂದ ಮುಗಿಸಿ ಮುಂದಿನ ವರ್ಷ ಬರಬಹುದು, ಆದರೆ ಇದೇ ತಪ್ಪು ಮತ್ತೊಮ್ಮೆ ಆದರೆ ಇನ್ನು ಈ ಆಟ ಇಲ್ಲ ಎಂದು ಅಪ್ಪನಿಗೆ ತಿಳಿಸಿದರು. ಅಪ್ಪ ಎಲ್ಲದಕ್ಕೂ ತಲೆಯಾಡಿಸಿದ.

ಅತ್ತೆಯ ಮನೆಯ ಬಾಗಿಲಲ್ಲೇ ಆಯಿ ಕಾದಿದ್ದಳು. ಏನಾಯಿತೆಂದು ಅಪ್ಪ ಹೇಳಿದ. ಆಯಿ ಸೊಂಟದ ಮೇಲೆ ಕೈಯಿಟ್ಟಳು.

“ಹಿರ್ಯಾರಿಗೆ ಬಲಗೈಲೆ ಕೊಟ್ಟಾಳ. ಮರ್ಯಾದಿ ಕೊಟ್ಟದ್ದಕ್ಕ ಹೊರಗ ಹಾಕೋದಾ? ಎಂಥಾ ಮಂದಿ ಇವರು!”

“ಯವ್ವಾ, ಮರ್ಯಾದಿ ಕೊಡಾಕ ಹೋಗಿ ಅದನ್ನ ಆ ಮುದುಕನ ಹೊಟ್ಟಿಗೆ ಹಿಡದಾಳ. ಒಳಗ ಗುಂಡಿದ್ವು.”

ಆಯಿಯ ಕೈ ಸೊಂಟದಿಂದ ಕೆಳಗಿಳಿಯಿತು. ಅಮ್ಮ ಮೂಲೆಯ ಸೋಫಾದಲ್ಲಿ ಕೂತು ಸೆರಗು ಕಚ್ಚಿಕೊಂಡು ಅಳುತ್ತಿದ್ದಳು. ಒಪ್ಪಂದ ಅವಳದಾಗಿತ್ತಲ್ಲ. ನನಗೆ ಅವಳನ್ನು ಸಮಾಧಾನ ಮಾಡಬೇಕು ಅನ್ನಿಸಲಿಲ್ಲ. ನಾನು ಒಂದು ಜೀವ ತೆಗೆಯುತ್ತಿದ್ದೆ ಎಂಬ ಭಯವೊಂದೇ ಎದೆಯಲ್ಲಿ ಕೂತಿತ್ತು.

ಮೆಲ್ಬರ್ನಿಗೆ ಬಂದ ಮೇಲೆ ಅಪ್ಪ ನನ್ನ ಹಿಡಿಯನ್ನು ಬಿಚ್ಚಿ ಬೆಂಚಿನ ಮೇಲಿಟ್ಟು, ತನ್ನ ಹಳೆಯದನ್ನೇ ಪಿಸ್ತೂಲಿಗೆ ಕೂರಿಸಿದ. ಸಾಕು ಬಿಡವಾ, ಬೇರೆ ಏನಾದರೂ ಕಲಿ ಎಂದ. ನಾನು ಸಾಕು ಅನ್ನಲಿಲ್ಲ. ಜೂನಳ ಮುಂದೆ ಹೋಗಿ ಕೂತು ನಡೆದದ್ದನ್ನೆಲ್ಲ ಹೇಳಿದೆ. ಬಲಗೈ, ಹಿರಿಯರು, ಮರ್ಯಾದೆ, ಒಪ್ಪಂದ, ಎಲ್ಲ. ಅವಳು ನಗಲಿಲ್ಲ.

“ರೇಂಜಿನಲ್ಲಿ ಕೈ ಯೋಚನೆ ಮಾಡುವುದಿಲ್ಲ, ಲವ್. ಮನೆಯಲ್ಲಿ ದಿನವೂ ಏನು ಮಾಡುತ್ತದೋ ಅದನ್ನೇ ಇಲ್ಲೂ ಮಾಡುತ್ತದೆ. ಬದಲಾಗಬೇಕಾದರೆ ಅಲ್ಲಿ ಬದಲಾಗಬೇಕು,” ಎಂದಳು.

ಅಪ್ಪನೂ ಒಂದು ಷರತ್ತು ಹಾಕಿದ. ತಾನು ಯಾವಾಗ, ಎಲ್ಲಿ ಕೈ ಚಾಚಿದರೂ, ನಾನು ಕೈ ಬದಲಿಸದೆ, ಮೈ ತಿರುಗಿಸದೆ, ಹಿಡಿದ ಕೈಯಿಂದಲೇ ಕೊಡುವುದು ರೂಢಿಯಾಗಬೇಕು. ಅಲ್ಲಿಯವರೆಗೆ ಪಿಸ್ತೂಲಿಲ್ಲ. ಅವನು ಸ್ಪ್ಯಾನರ್ ಕೇಳುವನು, ಕನ್ನಡಕ ಕೇಳುವನು, ಒಮ್ಮೊಮ್ಮೆ ನಾನು ಹಲ್ಲುಜ್ಜುತ್ತಿದ್ದರೆ ಬ್ರಶ್ಶನ್ನೇ ಕೇಳುವನು. ಕೈ ಬದಲಾಗಿಯೇ ಬದಲಾಗುತ್ತಿತ್ತು. ಅಪ್ಪನೊಬ್ಬನ ಜೊತೆ ಕಲಿತರೆ ಸಾಲದು ಎಂದು ನನಗೆ ತಿಳಿಯಿತು. ನನ್ನ ಕೈಗೆ ಹಿರಿಯರೆಂದರೆ ಅಪ್ಪನಲ್ಲ, ಆಯಿ. ಆದ್ದರಿಂದ ಒಂದು ಬೆಳಿಗ್ಗೆ ಚಹಾದ ಕಪ್ಪನ್ನು ಎಡಗೈಯಲ್ಲಿ ಹಿಡಿದು ಆಯಿಯ ಮುಂದೆ ನಿಂತೆ.

“ಸರಿಯಾಗಿ ಕೊಡು,” ಎಂದಳು.

“ಸರಿಯಾಗೇ ಕೊಡಾಕತ್ತೀನಿ.”

“ನಾ ತಗೊಳ್ಳಾಂಗಿಲ್ಲ.”

“ನಾ ಕೈ ಬದಲಿ ಮಾಡಾಂಗಿಲ್ಲ.”

ಚಹಾ ಆರಿತು. ಮರುದಿನವೂ ಆರಿತು. ಮನೆಯಲ್ಲಿ ಒಂದು ಥರದ ಯುದ್ಧ ಶುರುವಾಯಿತು. ಆಯಿ ನನ್ನ ಕೈಯ ಚಹಾ ಬಿಟ್ಟಳು, ನೀರು ಬಿಟ್ಟಳು, ಉಪ್ಪಿನ ಬಟ್ಟಲನ್ನು ನಾನು ಮುಂದೆ ಮಾಡಿದರೆ ಸಪ್ಪೆ ಪಲ್ಯವನ್ನೇ ನುಂಗುತ್ತಿದ್ದಳು. ಅಮ್ಮ ನಡುವೆ ಸಿಕ್ಕಿ ಒದ್ದಾಡಿದಳು. ಬೈದಳು, ಬೇಡಿಕೊಂಡಳು, ‘ವಯಸ್ಸಾದವರನ್ನ ಉಪಾಸ ಕೆಡವ್ತಿಯೇನ’ ಎಂದು ಕಣ್ಣೀರು ಹಾಕಿದಳು. ಆಯಿಯ ತೊಡೆಯ ಮೇಲೆ ಮಲಗಿ ಬೆಳೆದವಳು ನಾನು. ಆದರೆ ಕಣ್ಣು ಮುಚ್ಚಿದರೆ ಆ ಬಿಳಿ ಗಡ್ಡದವನ ಇಳಿದ ಮುಖ ಕಾಣುತ್ತಿತ್ತು. ಕೈ ಹಿಂದಕ್ಕೆ ತೆಗೆಯಲಿಲ್ಲ.

ಕಡೆಗೆ ಒಂದು ಬೆಳಿಗ್ಗೆ ಆಯಿ ಪೂಜೆಗೆ ಕೂತಿದ್ದಳು. ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯ ಮೇಲಿಟ್ಟುಕೊಂಡು, ಬಲಗೈಯಿಂದ ನೀರು, ವಿಭೂತಿ, ಪತ್ರಿ ಏರಿಸುತ್ತಾರೆ. ಹುಟ್ಟಿದಾಗಿನಿಂದ ನೋಡಿದ ನೋಟ, ಅಂದು ಮಾತ್ರ ಬೇರೆಯಾಗಿ ಕಂಡಿತು. ಪೂಜೆ ಮುಗಿಯುವವರೆಗೂ ಬಾಗಿಲಲ್ಲಿ ನಿಂತಿದ್ದು ಕೇಳಿದೆ:

“ಆಯಿ, ದೇವರು ಕುಂಡ್ರೋದು ಯಾವ ಕೈ ಮ್ಯಾಲ?”

ಅವಳು ತನ್ನ ಅಂಗೈ ನೋಡಿಕೊಂಡಳು. ಉತ್ತರಕ್ಕೆ ತಡವಾಗಲಿಲ್ಲ.

“ಅದು ಪೂಜಿ. ಇದು ಚಾ. ಎರಡಕ್ಕೂ ಗಂಟು ಹಾಕಬ್ಯಾಡ, ದೊಡ್ಡ ಶಾಣ್ಯಾಕಿ.”

ಸೋತೆ ಎಂದುಕೊಂಡು ಹೊರಟೆ. ಹಿಂದಿನಿಂದ ಅವಳ ದನಿ ಬಂತು, ಈ ಸಲ ಮೆಲ್ಲಗೆ:

“ತಂಗಿ, ಆ ಮುದುಕಗ ಮೊಮ್ಮಕ್ಕಳದಾವೇನು?”

“ಗೊತ್ತಿಲ್ಲ ಆಯಿ.”

“ಇರ್ತಾವ,” ಎಂದಳು. ಲಿಂಗವನ್ನು ವಸ್ತ್ರದಲ್ಲಿ ಸುತ್ತಿದಳು. “ಹೋಗು, ಚಾ ತಗೊಂಬಾ. ನಿನ್ನ ಕೈಲೆ.”

ಅಲ್ಲಿಂದ ಮುಂದೆ ಆಯಿ ಜೂನಳನ್ನೂ ಮೀರಿಸಿದಳು. ಬಾಯಿಯಿಂದ ಎಂದೂ ‘ನೀ ಹೇಳಿದ್ದು ಖರೆ’ ಎನ್ನಲಿಲ್ಲ, ಎಡಗೈ ಒಳ್ಳೆಯದು ಎಂದಂತೂ ಅಲ್ಲವೇ ಅಲ್ಲ. ಆದರೆ ನಾನು ಮರೆತು ಲೋಟವನ್ನು ಬಲಗೈಗೆ ದಾಟಿಸಿದರೆ, ಮೊದಲು ಎಡ ಮಣಿಕಟ್ಟಿನ ಮೇಲೆ ಅಮ್ಮನ ಚಮಚ ಬೀಳುತ್ತಿದ್ದ ಹಾಗೆಯೇ ಈಗ ಬಲ ಮಣಿಕಟ್ಟಿನ ಮೇಲೆ ಆಯಿಯ ಬೆರಳು ಬೀಳುತ್ತಿತ್ತು. ನಿದ್ದೆಯಿಂದ ಎಬ್ಬಿಸಿ ಕೇಳುವಳು, ನೆಂಟರ ಮುಂದೆ ಕೇಳುವಳು. ಒಮ್ಮೆ ಸಬರ್ಬಿನ ಕನ್ನಡದ ಮನೆಯವರೆಲ್ಲ ಸೇರಿದ್ದ ಊಟದಲ್ಲಿ ಹತ್ತಾರು ಆಂಟಿಯರ ಎದುರು ಕೈ ಚಾಚಿ ಎಲೆಅಡಿಕೆಯ ತಟ್ಟೆ ಕೇಳಿದಳು. ತಟ್ಟೆ ನನ್ನ ಎಡಗೈಯಲ್ಲಿತ್ತು. ಬೆವರಿದೆ. ಕೈ ಬದಲಾಗಲು ಹೊರಟಿತು.

“ತಿರಗಬ್ಯಾಡ!” ಎಂದು ಗದರಿದಳು. “ಹಂಗ ಕೊಡು.”

ಆಂಟಿಯರು ಮುಖ ಮುಖ ನೋಡಿಕೊಂಡರು. ‘ಏನ್ ಆಂಟಿ, ಎಡಗೈಲಿ ಕೊಡಿಸ್ಕೊತೀರಲ್ಲ’ ಎಂದು ಬೆಂಗಳೂರಿನವಳೊಬ್ಬಳು ಕೇಳಿಯೇಬಿಟ್ಟಳು. ಆಯಿ ಎಲೆಗೆ ಸುಣ್ಣ ಹಚ್ಚುತ್ತ ‘ನಮ್ಮ ಮನಿ ಕೆಲಸ ಐತ್ರಿ, ನಿಮಗ ತಿಳಿಯಾಂಗಿಲ್ಲ’ ಎಂದಳು. ಅಮ್ಮ ಅಲ್ಲೇ ಇದ್ದಳು. ಅವಳು ಬಂದು ನನ್ನ ಪಕ್ಕ ಕೂತಳು.

ಬೇಸಿಗೆ ಮುಗಿಯುವ ಹೊತ್ತಿಗೆ ಅಪ್ಪ ಒಂದು ಸಂಜೆ ಸುಮ್ಮನೆ ನನ್ನ ಹಿಡಿಯನ್ನು ಮತ್ತೆ ಪಿಸ್ತೂಲಿಗೆ ಕೂರಿಸಿದ. ಸುರಕ್ಷತೆಯ ಪಾಠ ಮೊದಲಿನಿಂದ ಮುಗಿಸಿದೆ. ಜೂನ್ ಈಗ ಮೇಜಿನ ಮೇಲಿಡುವ ವಾಡಿಕೆಯನ್ನು ನನ್ನ ಮಟ್ಟಿಗೆ ಕೈಬಿಟ್ಟು, ಪ್ರತಿ ಸಲವೂ ತಾನೇ ಬಂದು ಕೈ ಚಾಚುತ್ತಿದ್ದಳು. ಪಿಸ್ತೂಲಿನ ಬಾಯಿ ಗುರಿಯ ಕಡೆ, ತೋರುಬೆರಳು ಹೊರಗೆ, ಪಾದ ನೆಟ್ಟಲ್ಲೇ. ನನ್ನ ಕೈ ಅವಳ ಕಡೆ ಹೋಗದೆ ಅವಳ ಕೈಯೇ ನನ್ನ ಕೈಯ ಹತ್ತಿರ ಬರಬೇಕು. ಹಿರಿಯರು ನನ್ನ ಬಳಿ ಬಂದು ತೆಗೆದುಕೊಳ್ಳುವುದು ಮೊದಮೊದಲು ಸೊಕ್ಕಿನಂತೆ ಅನ್ನಿಸಿ ಕಿವಿ ಬಿಸಿಯಾಗುತ್ತಿತ್ತು. ನಿಧಾನಕ್ಕೆ ಅದೂ ಹೋಯಿತು.

ವಸಂತಕ್ಕೆ ಮತ್ತೆ ಸಿಡ್ನಿ, ಅದೇ ರೇಂಜು. ಬಿಳಿ ಗಡ್ಡದವನೂ ಇದ್ದ, ನನ್ನನ್ನು ಗುರುತಿಸಿದ. ಅಂದು ನಾನು ಅಷ್ಟೇನೂ ಚೆನ್ನಾಗಿ ಹೊಡೆಯಲಿಲ್ಲ. ಮನಸ್ಸೆಲ್ಲ ಒಂದೇ ಕಡೆ ಇತ್ತು. ಎರಡನೆಯ ಸುತ್ತಿನಲ್ಲಿ ಆ ಪಿಸ್ತೂಲು ತನ್ನ ಚಾಳಿ ತೋರಿಸಿತು. ಬಲಗೈ ಎತ್ತಿದೆ. ಅವನು ಬಂದು, ಈ ಸಲ ಅರ್ಧ ಹೆಜ್ಜೆ ಹಿಂದೆಯೇ ನಿಂತು, ಕೈ ಚಾಚಿದ. ಎತ್ತಿದ ಬಲಗೈ ತಾನಾಗಿ ಕೆಳಗಿಳಿಯಲು ನೋಡಿತು. ಹಲ್ಲು ಕಚ್ಚಿ ಅದನ್ನು ಮೇಲೆಯೇ ನಿಲ್ಲಿಸಿದೆ. ಮೈ ಕದಲಲಿಲ್ಲ. ಅವನ ಕೈ ಮುಂದೆ ಬಂದು ನನ್ನ ಎಡಗೈಯಿಂದ ಪಿಸ್ತೂಲನ್ನು ತೆಗೆದುಕೊಂಡಿತು. ಅವನು ತೋಟೆ ಕಿತ್ತು, ನೋಡಿ, ವಾಪಸ್ಸು ಎಡಗೈಗೇ ಕೊಟ್ಟು, ‘ಥ್ಯಾಂಕ್ ಯು’ ಎಂದ. ಬಹುಮಾನದ ಪಟ್ಟಿಯ ಹತ್ತಿರಕ್ಕೂ ನನ್ನ ಹೆಸರು ಬರಲಿಲ್ಲ. ಕಾರಿಗೆ ಬಂದು ಕೂತ ಮೇಲೆ ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ತೆಗೆಯಲಿಲ್ಲ.

ಅತ್ತೆಯ ಮನೆಯಲ್ಲಿ ಎಲ್ಲರೂ ಎಷ್ಟನೆಯವಳಾದೆ ಎಂದು ಕೇಳಿದರು. ಆಯಿ ಕೇಳಲಿಲ್ಲ. ಪೆಂಡಲ್ ಹಿಲ್ಲಿನ ಅಂಗಡಿಯಿಂದ ಅತ್ತೆ ಪೇಢೆ ತರಿಸಿದ್ದಳು. ಅದನ್ನು ಪೇಢೆ ಎಂದು ಆಯಿ ಒಪ್ಪುತ್ತಿರಲಿಲ್ಲ, ಆದರೂ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ನನ್ನನ್ನು ಹತ್ತಿರ ಕರೆದಳು.

“ಕೈ ಚಾಚಿದ್ನೇನು?”

“ಚಾಚಿದ.”

“ತಿರಗಿದೇನು?”

“ಇಲ್ಲ ಆಯಿ.”

ಅವಳು ಡಬ್ಬಿ ತೆರೆದು ಒಂದು ಪೇಢೆ ತೆಗೆದಳು. ರೂಢಿಯಂತೆ ನನ್ನ ಬಲಗೈಯ ಮೇಲೆ ಇಡಲು ಹೊರಟವಳು ನಡುವೆಯೇ ನಿಂತು ನನ್ನ ಮುಖ ನೋಡಿದಳು.

“ಯಾವ ಕೈಯಾಗ ಇಡ್ಲಿ?”

ಹುಟ್ಟಿದಾಗಿನಿಂದ ಆ ಮಾತನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಎಡಗೈ ಚಾಚಿದೆ. ಆಯಿ ಇಟ್ಟಳು.